ಮೊದಲ ಪೋಸ್ಟ್‌ನಲ್ಲೇ ಇರಬೇಕಾಗಿದ್ದ ಮಾತು

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಕೊನ್ಸಿಂಗ್ ಅವರ ತುಟಿ ಜೋಮು ಹಿಡಿಯಿತು. ಸ್ವಲ್ಪ ಹೊತ್ತಿಗೆ ಬೆರಳುಗಳೂ ಜೋಮಾದವು. ಹನ್ನೊಂದರ ಹೊತ್ತಿಗೆ ನಾಲಿಗೆ ದಪ್ಪಗಾಗಿ ಮಾತು ತೊದಲತೊಡಗಿತ್ತು. ಅವರು ಬೆಳಿಗ್ಗೆ ಅನ್ನದ ಜೊತೆ, ಶುಂಠಿ ಹಾಕಿ ಬೇಯಿಸಿದ ಒಂದು ಬಟ್ಟಲು ತಾಹೊಂಗ್ ತಿಂದಿದ್ದರು.

ತಾಹೊಂಗ್ ಅಂದರೆ ಹಸಿರು ಅಂಚಿನ ಕಪ್ಪೆಚಿಪ್ಪು. ಸಮಾರ್ ದ್ವೀಪದ ಲವಿಸ್ ಊರಿನಲ್ಲಿ ಅದಿಲ್ಲದ ಅಡುಗೆಮನೆ ಇಲ್ಲ. ಕೊಲ್ಲಿಯಲ್ಲಿ ಬಿದಿರ ಗಳು ನೆಟ್ಟು ಅದನ್ನು ಬೆಳೆಸುವ ಮನೆಗಳೇ ಅಲ್ಲಿ ಹೆಚ್ಚು. ಕೊನ್ಸಿಂಗ್ ಅವರ ಗಂಡ ಬಾದೊಂಗ್ ಕೂಡ ಅದೇ ಕಸುಬಿನವರು.

ಅದೇ ಹೊತ್ತಿನಲ್ಲಿ, ನಾಲ್ಕು ಮನೆ ಆಚೆ, ಕೊನ್ಸಿಂಗ್ ಅವರ ಅಕ್ಕನ ಮಗಳು ಮರಿವಿಕ್ ಫೋನು ನೋಡಿಕೊಂಡು ನಗುತ್ತಿದ್ದಳು. ಹಿಂದಿನ ಸಂಜೆ ಅವಳು ಹಾಕಿದ ಥ್ರೆಡ್ ಜನರ ಕೈಯಿಂದ ಕೈಗೆ ಓಡುತ್ತಿತ್ತು.

ಮರಿವಿಕ್ ದೆವ್ವದ ಕಥೆಗಳ ಥ್ರೆಡ್ ಬರೆದು ಹೆಸರಾದವಳು. ಒಂದೇ ಕಥೆಯನ್ನು ತುಂಡು ಮಾಡಿ, ಒಂದರ ಕೆಳಗೊಂದು ಪೋಸ್ಟ್ ಪೋಣಿಸುತ್ತಿದ್ದಳು. ಮೊದಲನೆಯದರಲ್ಲಿ ಬಾಗಿಲು ಕಿರ್ ಅನ್ನಬೇಕು, ಕೊನೆಯದರಲ್ಲಿ ದೆವ್ವ ಕಾಣಬೇಕು, ನಡುವೆ ಓದುವವರು ಎದ್ದು ಹೋಗಬಾರದು. ಈ ವಿದ್ಯೆ ಅವಳಿಗೆ ಕರಗತವಾಗಿತ್ತು. ಆದ್ದರಿಂದಲೇ ಮಂಗಳವಾರ ಊರ ಮುಖ್ಯಸ್ಥ, ಜನ ಕಪಿತಾನ್ ಎಂದು ಕರೆಯುವವರು, ಅವಳನ್ನು ಹುಡುಕಿಕೊಂಡು ಬಂದಿದ್ದರು. ಕೈಯಲ್ಲಿ ಮೀನುಗಾರಿಕೆ ಕಚೇರಿಯ ಪ್ರಕಟಣೆ ಇತ್ತು. ಕೊಲ್ಲಿಯ ನೀರಿನಲ್ಲಿ ವಿಷದ ಪಾಚಿ ಹೆಚ್ಚಾಗಿದೆ, ಚಿಪ್ಪಿನ ಜೀವಿಗಳನ್ನು ತಿನ್ನಬೇಡಿ, ಮಾರಬೇಡಿ ಎಂದು ಅದರಲ್ಲಿತ್ತು. ಆ ಪಾಚಿ ಬಂದರೆ ಜನ ‘ಕೆಂಪು ನೀರು ಬಂತು’ ಅನ್ನುತ್ತಾರೆ.

"ಇದನ್ನ ಗೋಡೆಗೆ ಅಂಟಿಸಿದ್ರೆ ಆಡು ತಿಂತದೆ," ಅಂದಿದ್ದರು ಕಪಿತಾನ್. "ನೀನು ಬರಿ. ನಿನ್ನ ದೆವ್ವಗಳನ್ನ ಇಡೀ ದ್ವೀಪ ಓದುತ್ತೆ. ಇದನ್ನೂ ಓದ್ಲಿ."

ಮರಿವಿಕ್ ದೆವ್ವದ ಕಥೆಯ ಹಾಗೆಯೇ ಬರೆದಳು. ಒಂಬತ್ತು ಪೋಸ್ಟ್‌ಗಳಾದವು. ಮೊದಲನೆಯದು ಹೀಗಿತ್ತು:

‘ಮೂರು ತಲೆಮಾರಿನಿಂದ ನಮ್ಮ ಕೊಲ್ಲಿಯ ತಾಹೊಂಗ್ ತಿಂದು ಒಬ್ಬರೂ ಸತ್ತಿಲ್ಲ. ಕೆಂಪು ನೀರು ಅನ್ನೋದು ಬೇರೆ ಊರಿನವರು ನಮ್ಮ ವ್ಯಾಪಾರ ಕೆಡಿಸೋಕೆ ಕಟ್ಟಿದ ಕಥೆ. ನಮ್ಮಜ್ಜ ಸಾಯೋವರೆಗೂ ಹೀಗೇ ಹೇಳ್ತಿದ್ರು. ಅವರಿಗೆ ಗೊತ್ತಿರದ ಒಂದು ಸಂಗತಿ ಈಗ ಕೊಲ್ಲಿಯ ತಳದಲ್ಲಿ ಎಚ್ಚರವಾಗಿದೆ. ಕೊನೆವರೆಗೆ ಓದಿ.’

ತಿನ್ನಬೇಡಿ ಎಂಬ ಮಾತು ಎಂಟನೆಯ ಪೋಸ್ಟ್‌ನಲ್ಲಿತ್ತು. ಅದೂ ಅಕ್ಷರದಲ್ಲಿ ಅಲ್ಲ, ಪ್ರಕಟಣೆಯ ಫೋಟೋ ರೂಪದಲ್ಲಿ.

"ಮರಿವಿಕ್! ಏ ಮರಿವಿಕ್! ಬಾರೇ ಬೇಗ, ನಿನ್ನ ತಿಯಾಗೆ ಏನೋ ಆಗಿದೆ!" ಕೊನ್ಸಿಂಗ್ ಅವರ ಪಕ್ಕದ ಮನೆಯ ಪಿಲಾರ್ ಬೀದಿಯಿಂದಲೇ ಕೂಗಿದಳು.

ಮರಿವಿಕ್ ಓಡಿ ಬಂದಾಗ ತಿಯಾ ಕೊನ್ಸಿಂಗ್ ಬಿದಿರ ಕುರ್ಚಿಯಲ್ಲಿ ಕೂತು ಎರಡೂ ಕೈ ಉಜ್ಜಿಕೊಳ್ಳುತ್ತಿದ್ದರು. ತಾಯಿ ಮನಿಲಾದಲ್ಲಿ ಮನೆಗೆಲಸಕ್ಕೆ ಹೋದ ಮೇಲೆ ಮರಿವಿಕ್‌ಳನ್ನು ಸಾಕಿದ್ದು ಈ ಚಿಕ್ಕಮ್ಮನೇ. ಕೋಪ ಬಂದಾಗಲೂ ನಗುವ ಹೆಂಗಸು. ಈಗ ನಗಲು ನೋಡಿದರು, ಬಾಯಿ ಒಂದು ಕಡೆಗೆ ಮಾತ್ರ ಹೋಯಿತು.

"ತಾಹೊಂಗ್ ತಿಂದ್ರಾ? ಯಾಕೆ ತಿಂದ್ರಿ ತಿಯಾ? ನಾನು ನಿನ್ನೆ ಅಷ್ಟು ಬರ್ದಿದ್ದೆ!"

"ನೀನು... ಬರ್ದಿದ್ದಕ್ಕೇ... ತಿಂದೆ," ಅಂದರು ಕೊನ್ಸಿಂಗ್. ಗಲ್ಲದಿಂದ ಮೇಜಿನ ಕಡೆ ತೋರಿಸಿದರು. ಅಲ್ಲಿ ಅವರ ಫೋನು ಇತ್ತು.

ಮರಿವಿಕ್ ಎತ್ತಿಕೊಂಡು ನೋಡಿದಳು. ಊರಿನ ಹೆಂಗಸರ ಗುಂಪಿನಲ್ಲಿ ಯಾರೋ ಒಂದು ಸ್ಕ್ರೀನ್‌ಶಾಟ್ ಹಾಕಿದ್ದರು. ಅವಳ ಹೆಸರು, ಅವಳ ಮುಖ, ಅದರ ಕೆಳಗೆ ಎರಡು ವಾಕ್ಯ. ‘ಒಬ್ಬರೂ ಸತ್ತಿಲ್ಲ’ ಎಂಬುದು ಇತ್ತು. ‘ಕಟ್ಟಿದ ಕಥೆ’ ಎಂಬುದು ಇತ್ತು. ಅಲ್ಲಿಗೆ ಪರದೆಯ ಅಳತೆ ಮುಗಿದು, ‘ಇನ್ನಷ್ಟು ಓದಿ’ ಎಂಬ ಬೂದು ಅಕ್ಷರ. ಅಜ್ಜ ಹೇಳ್ತಿದ್ದರು ಎಂಬುದು ಆ ಬೂದು ಅಕ್ಷರದ ಹಿಂದೆ ಉಳಿದುಹೋಗಿತ್ತು. ಕೆಳಗೆ ಒಬ್ಬರು ಬರೆದಿದ್ದರು: ‘ನಮ್ಮ ಮರಿವಿಕ್ಕೇ ಹೇಳಿದ್ದಾಳೆ, ಇನ್ನೇನು ಭಯ.’

ಪಿಲಾರ್ ಆಗಲೇ ತೆಂಗಿನಕಾಯಿ ತುರಿದು ಹಿಂಡಿ ಹಾಲು ತೆಗೆದಿದ್ದಳು. ಅದಕ್ಕೆ ಕಂದು ಸಕ್ಕರೆ ಕದಡಿಕೊಂಡು ಬಂದಳು. "ಕುಡಿಸು, ಕುಡಿಸು. ನಮ್ಮವ್ವನ ಕಾಲದಿಂದ ಇದೇ ಮದ್ದು. ವಿಷಾನ ಎಳ್ಕೊಂಡು ಹೋಗುತ್ತೆ."

"ಬಾಯಿಗೆ ಏನೂ ಹಾಕ್ಬೇಡ ಪಿಲಾರ್." ಬಾಗಿಲಲ್ಲಿ ಎಡಿತಾ ನಿಂತಿದ್ದರು. ಪ್ರಾಂತ್ಯದ ಪಟ್ಟಣದಲ್ಲಿ ಬಹುಕಾಲ ರೇಡಿಯೋ ಸುದ್ದಿ ಬರೆದು ಓದಿದವರು, ಈಗ ಊರಿಗೆ ಮರಳಿ ಆರೋಗ್ಯ ಕೇಂದ್ರದ ಸ್ವಯಂಸೇವಕಿ. ಊರಿನ ಕಿರಿಯರಿಗೆಲ್ಲ ಅವರು ಮಾನಾ ಎಡಿತಾ, ಅಂದರೆ ಎಡಿತಾ ಅಕ್ಕ. "ಗಂಟಲು ನುಂಗ್ತಾ ಇಲ್ಲ ಅವಳದು. ಹಾಲು ಶ್ವಾಸಕ್ಕೆ ಹೋದ್ರೆ ಅದೇ ಕೊಲ್ಲುತ್ತೆ."

"ಅಯ್ಯೋ, ರೇಡಿಯೋದವರಿಗೆ ಎಲ್ಲಾ ಗೊತ್ತು!" ಅಂದಳು ಪಿಲಾರ್. "ಹಾಗಾದ್ರೆ ಯಾವ ಮದ್ದು, ನೀವೇ ಹೇಳಿ?"

"ಇದಕ್ಕೆ ಮದ್ದಿಲ್ಲ. ವಿಷ ತಾನಾಗೇ ಇಳಿಯೋವರೆಗೂ ಉಸಿರಾಡಿಸ್ತಾ ಇರಬೇಕು, ಅಷ್ಟೇ. ಅದಕ್ಕೆ ಯಂತ್ರ ಇರೋದು ಆಸ್ಪತ್ರೇಲಿ. ಟ್ರೈಸಿಕಲ್ ಕರಿ ಹೋಗು. ಆ ಹಾಲು ಅಲ್ಲೇ ಇಡು. ಮಾತಾಡ್ತಾ ನಿಂತ್ರೆ ಹೊತ್ತು ಹೋಗುತ್ತೆ."

ಮೋಟಾರ್ ಸೈಕಲ್‌ಗೆ ಪಕ್ಕದ ಗಾಡಿ ಕಟ್ಟಿದ ಆ ಟ್ರೈಸಿಕಲ್‌ನಲ್ಲಿ ದಾರಿಯುದ್ದಕ್ಕೂ ಮರಿವಿಕ್ ಚಿಕ್ಕಮ್ಮನನ್ನು ಎದೆಗೆ ಒರಗಿಸಿಕೊಂಡು ಕೂತಿದ್ದಳು. ಕೊನ್ಸಿಂಗ್‌ಗೆ ಪೂರ್ತಿ ಎಚ್ಚರವಿತ್ತು. ಕಣ್ಣು ಎಲ್ಲವನ್ನೂ ನೋಡುತ್ತಿತ್ತು. ಮೈ ಮಾತ್ರ ಒಂದೊಂದೇ ಕಡೆ ಅವರ ಮಾತು ಕೇಳುವುದನ್ನು ನಿಲ್ಲಿಸುತ್ತಿತ್ತು. ಆಸ್ಪತ್ರೆ ಮುಟ್ಟುವಾಗ ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ, ತಿಂದದ್ದು ಎಷ್ಟು ಹೊತ್ತಿಗೆ ಎಂದು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಗಂಟಲಿಗೆ ಕೊಳವೆ ಇಳಿಸಿದರು.

ಹೊರಗೆ ಬೆಂಚಿನ ಮೇಲೆ ಮರಿವಿಕ್ ಫೋನು ತೆಗೆದಳು.

"ಏನ್ಮಾಡ್ತಿದೀಯಾ, ದಾಯ್?" ಜೊತೆಗೆ ಬಂದಿದ್ದ ಎಡಿತಾ ಕೇಳಿದರು. ತಮಗಿಂತ ಚಿಕ್ಕ ಹುಡುಗಿಯರನ್ನು ಅವರು ಕರೆಯುವುದೇ ಹಾಗೆ.

"ಡಿಲೀಟ್ ಮಾಡ್ತಿದೀನಿ. ಎಲ್ಲಾನೂ."

"ಮಾಡು. ಆಮೇಲೆ?"

"ಆಮೇಲೇನು ಮಾನಾ? ತಪ್ಪು ಹೋಯ್ತು ಅಷ್ಟೇ."

"ನಿನ್ನ ಪುಟದಿಂದ ಹೋಯ್ತು. ಆ ಸ್ಕ್ರೀನ್‌ಶಾಟು ನಿನ್ನ ಪುಟದಲ್ಲಿ ಇದೆಯಾ? ಅದು ಊರೂರಿನ ಹೆಂಗಸರ ಫೋನಲ್ಲಿದೆ. ನೀನು ಸದ್ದಿಲ್ಲದೆ ಅಳಿಸಿದ್ರೆ, ಅವರಿಗೆ ಗೊತ್ತಾಗೋದು ಹೇಗೆ? ಇವತ್ತು ಸಂಜೆ ಎಷ್ಟು ಮನೇಲಿ ತಾಹೊಂಗ್ ಬೇಯುತ್ತೋ."

ಮರಿವಿಕ್ ಬೆರಳು ತಡೆದಳು.

"ನಾನು ಪ್ರಕಟಣೆ ಹಾಕಿದ್ದೆ ಮಾನಾ," ಅಂದಳು. "ಎಂಟನೇದ್ರಲ್ಲಿ. ಓದದೇ ಇರೋದು ಅವರ ತಪ್ಪಲ್ವಾ?"

"ಎಂಟನೇದು ಫೋಟೋ. ನಮ್ಮೂರಲ್ಲಿ ಅರ್ಧ ಜನರ ಫೋನಿಗೆ ಕರೆನ್ಸಿ ಇರಲ್ಲ. ಬಿಟ್ಟಿ ಡೇಟಾದಲ್ಲಿ ನೋಡ್ತಾರೆ. ಅದರಲ್ಲಿ ಫೋಟೋ ಬರುತ್ತಾ?"

"...ಬರಲ್ಲ. ಖಾಲಿ ಚೌಕ ಬರುತ್ತೆ."

"ನಿನ್ನ ತಿಯಾಗೆ ಬಂದಿದ್ದೂ ಅದೇ. ಅವಳ ಫೋನು ನಾನೂ ನೋಡಿದೆ. ಗುಂಪಿಗೆ ಬಂದ ಸ್ಕ್ರೀನ್‌ಶಾಟನ್ನ ನಿನ್ನೆ ಪಿಲಾರ್ ಮನೆ ವೈಫೈಲಿ ನೋಡಿದ್ದಳಂತೆ. ಮನೆಗೆ ಬಂದ ಮೇಲೆ ಅನುಮಾನ ಬಂದು ನಿನ್ನ ಪುಟಕ್ಕೂ ಹೋಗಿದ್ದಾಳೆ, ಕೆಳಗೂ ಇಳಿದಿದ್ದಾಳೆ. ಎಂಟನೇದ್ರಲ್ಲಿ ಖಾಲಿ ಚೌಕ."

ಮರಿವಿಕ್ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅಂದಳು: "ಮೊದಲ ಸಾಲಲ್ಲೇ ಎಲ್ಲಾ ಹೇಳ್ಬಿಟ್ರೆ ಯಾರು ಓದ್ತಾರೆ ಮಾನಾ? ಕಪಿತಾನರು ಗೋಡೆಗೆ ಅಂಟಿಸೋ ಕಾಗದದಲ್ಲಿ ಮೊದಲ ಸಾಲಲ್ಲೇ ಇರುತ್ತೆ ಎಲ್ಲಾ. ಅದನ್ನ ಯಾರು ಓದ್ತಾರೆ? ಕುತೂಹಲ ಇಲ್ದೆ ಜನ ನಿಲ್ಲಲ್ಲ."

"ಕುತೂಹಲ ಬೇಡ ಅಂದ್ನಾ ನಾನು? ದೆವ್ವದ ಕಥೇಲಿ ದೆವ್ವ ಕೊನೇಲಿ ಬರ್ಲಿ, ಯಾರೂ ಸಾಯಲ್ಲ. ಪ್ರಾಣದ ವಿಷಯ ಬರೆಯೋವಾಗ ದೆವ್ವ ಬಾಗಿಲಲ್ಲೇ ಕೂತಿರಬೇಕು. ನಮ್ಮ ಸುದ್ದಿಮನೇಲಿ ಹೊತ್ತು ಸಾಲದೇ ಹೋದ್ರೆ ಸಂಪಾದಕರು ಸುದ್ದೀನ ಕೆಳಗಿನಿಂದ ಕತ್ತರಿಸೋರು. ಅದಕ್ಕೇ ನಾವು ಮುಖ್ಯವಾದದ್ದನ್ನ ತಲೇಲೇ ಇಡ್ತಿದ್ವಿ. ಥ್ರೆಡ್‌ಗೆ ಸಂಪಾದಕರಿಲ್ಲ. ಓದೋನೇ ಕತ್ತರಿಸ್ತಾನೆ. ಎಲ್ಲಿ ಕತ್ತರಿಸ್ತಾನೆ ಅನ್ನೋದು ನಿನ್ನ ಕೈಲಿಲ್ಲ."

ಅಷ್ಟರಲ್ಲಿ ಚಿಕ್ಕಪ್ಪ, ತಿಯೋ ಬಾದೊಂಗ್, ಬಂದರು. ಕೊಲ್ಲಿಯಿಂದ ನೇರವಾಗಿ ಬಂದಿದ್ದರು. ಮೊಣಕಾಲವರೆಗೂ ಒಣಗಿದ ಕೆಸರಿತ್ತು. ಗಾಜಿನ ಬಾಗಿಲ ಆಚೆ ಹೆಂಡತಿಯನ್ನು ನೋಡಿ ಬಂದು, ಬೆಂಚಿನ ತುದಿಯಲ್ಲಿ ಕೂತರು.

"ತಾಹೊಂಗ್‌ದೇ ಅಂತ ಹೇಗೆ ಹೇಳ್ತಾರೆ?" ಅಂದರು. "ನೀರು ಕೆಂಪಗೇ ಇಲ್ಲ. ಬೆಳಿಗ್ಗೆ ಅದರಲ್ಲೇ ಮುಳುಗೆದ್ದಿದೀನಿ ನಾನು. ತಿಳಿಯಾಗಿದೆ. ಅವಳು ಬೆಳ್ಳಿ ಚಮಚ ಹಾಕಿ ಬೇಯಿಸಿದ್ದಾಳೆ, ಚಮಚ ಕಪ್ಪಾಗಿಲ್ಲ."

"ಚಮಚಕ್ಕೆ ಈ ವಿಷ ಗೊತ್ತಾಗಲ್ಲ ಬಾದೊಂಗ್," ಎಡಿತಾ ಮೆಲ್ಲಗೆ ಅಂದರು. "ನೀರು ಕೆಂಪಾಗಲೇಬೇಕು ಅಂತಾನೂ ಇಲ್ಲ. ಪಾಚಿ ಕಣ್ಣಿಗೆ ಕಾಣದಷ್ಟು ಇದ್ರೂ ಚಿಪ್ಪು ನೀರು ಸೋಸ್ತಾ ಸೋಸ್ತಾ ತನ್ನೊಳಗೆ ಕೂಡಿಟ್ಟುಕೊಳ್ಳುತ್ತೆ. ಅದಕ್ಕೇನೂ ಆಗಲ್ಲ. ತಿಂದವರಿಗೆ ಆಗುತ್ತೆ. ಬೇಯಿಸಿದ್ರೂ ಹೋಗಲ್ಲ, ವಿನಿಗರ್ ಹಾಕಿದ್ರೂ ಹೋಗಲ್ಲ."

ಬಾದೊಂಗ್ ಮರಿವಿಕ್ ಕಡೆ ತಿರುಗಿದರು. "ಈಗ ಇನ್ನೊಂದು ಬರೀತೀಯಾ?"

"ಬರೀಬೇಕು ತಿಯೋ."

"ಬರೀಬೇಡ. ಸಾಕು. ಒಂದು ಬರ್ದಿದ್ದಕ್ಕೆ ಇವಳು ಇಲ್ಲಿ ಮಲಗಿದ್ದಾಳೆ. ಇನ್ನೊಂದು ಬರ್ದು, ಲವಿಸ್ ತಾಹೊಂಗ್ ವಿಷ ಅಂತ ಊರೆಲ್ಲಾ ಸಾರಿದ್ರೆ, ನೀರು ಸರಿಯಾದ ಮೇಲೂ ಯಾರು ಕೊಳ್ತಾರೆ? ವಿಷ ಅಂತ ಹೇಳಿದ್ದನ್ನ ಎಲ್ಲಾರೂ ಹಂಚ್ತಾರೆ. ಸರಿ ಹೋಯ್ತು ಅಂತ ಹೇಳಿದ್ದನ್ನ ಯಾರು ಹಂಚ್ತಾರೆ? ಇಡೀ ಊರಿನ ಒಲೆ ಆರಿಸ್ತೀಯಾ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಎಡಿತಾ ಹೇಳಿದರು: "ಬಾದೊಂಗ್, ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೇ ಅವಳು ಯಾವಾಗಿಂದ, ಎಲ್ಲಿ, ಯಾವುದು ಅಂತ ಬಿಡಿಸಿ ಬರೀಬೇಕು. ಏನು ತಿನ್ನಬಾರದು ಅಂತ ಬರೆದ ಹಾಗೇ ಏನು ತಿನ್ನಬಹುದು ಅಂತಾನೂ ಬರೀಬೇಕು. ಕಚೇರಿ ನಿಷೇಧ ತೆಗೆದ ದಿನ ಅದನ್ನೂ ಅದೇ ಥ್ರೆಡ್‌ಗೆ ಸೇರಿಸಬೇಕು. ಅರ್ಧ ಮಾತು ಬರೆದ್ರೆ ನಿಮ್ಮ ವ್ಯಾಪಾರ ಹೋಗುತ್ತೆ. ಬರೆಯದೇ ಇದ್ರೆ ಜನ ಹೋಗ್ತಾರೆ. ಎರಡು ಹೆಣ ಬಿದ್ದ ಮೇಲೆ ಲವಿಸ್ ತಾಹೊಂಗನ್ನ ಯಾರು ಕೊಳ್ತಾರೆ, ಹೇಳು?"

ಬಾದೊಂಗ್ ಕಾಲಿನ ಕೆಸರು ಕೆರೆದುಕೊಂಡರು.

"ಇನ್ನೊಂದು ಕೇಳ್ಬೇಕಿತ್ತು ತಿಯೋ," ಅಂದಳು ಮರಿವಿಕ್. "ತಿಯಾ ಹೆಸರು ಹಾಕ್ಲಾ? ಯಾರಿಗೋ ಏನೋ ಆಯ್ತು ಅಂದ್ರೆ ಜನ ನಂಬಲ್ಲ. ಅವರನ್ನ ಎಲ್ಲರೂ ಬಲ್ಲರು. ನೀವು ಬೇಡ ಅಂದ್ರೆ ಹಾಕಲ್ಲ."

"ನನ್ನನ್ನ ಯಾಕೆ ಕೇಳ್ತೀಯ? ಹೆಸರು ಅವಳದ್ದು."

ಅವರು ಎದ್ದು ಒಳಗೆ ಹೋದರು. ನರ್ಸ್ ತಡೆಯಲಿಲ್ಲ. ಗಾಜಿನ ಆಚೆ ಅವರು ಹೆಂಡತಿಯ ಕಿವಿಯ ಹತ್ತಿರ ಬಾಗಿದ್ದು, ಆಕೆಯ ಅಂಗೈಯಲ್ಲಿ ತಮ್ಮ ಒಂದು ಬೆರಳು ಇಟ್ಟಿದ್ದು ಮರಿವಿಕ್‌ಗೆ ಕಂಡಿತು. ಹೊರಗೆ ಬಂದಾಗ ಅವರ ಧ್ವನಿ ಬದಲಾಗಿತ್ತು.

"ಹೆಸರು ಹಾಕ್ಲಿ ಅಂದ್ರೆ ಬೆರಳು ಒತ್ತು, ಬೇಡ ಅಂದ್ರೆ ಬಿಡು ಅಂದೆ. ಒತ್ತಿದ್ಲು." ಸ್ವಲ್ಪ ತಡೆದು ಅಂದರು: "ಬಲ ಇಲ್ಲ ಕೈಲಿ. ಆದ್ರೂ ಎರಡು ಸಲ ಒತ್ತಿದ್ಲು. ಬರಿ. ಮೀನು ತಿನ್ನಬಹುದು ಅನ್ನೋದನ್ನ ಮರೀಬೇಡ. ಇಲ್ದಿದ್ರೆ ಇಡೀ ಕೊಲ್ಲಿ ಸತ್ತೋಯ್ತು ಅಂತಾರೆ."

ಮೊದಲ ಕೆಲಸವಾಗಿ ಮರಿವಿಕ್ ಮೀನುಗಾರಿಕೆ ಕಚೇರಿಗೆ ಫೋನು ಮಾಡಿದಳು. ಎಡಿತಾ ಅದಿಲ್ಲದೆ ಒಂದು ಅಕ್ಷರವೂ ಬರೆಯಬಾರದು ಅಂದಿದ್ದರು. ಪ್ರಕಟಣೆಯಲ್ಲಿದ್ದ ಒಂದೊಂದು ಸಾಲನ್ನೂ ಓದಿ ಹೇಳಿ, ಸರಿಯೇ ಎಂದು ಕೇಳಿಕೊಂಡಳು. ಆಮೇಲೆ ಬರೆದಳು:

‘ಸಮಾರ್, ಲವಿಸ್ ಕೊಲ್ಲಿ. ಬುಧವಾರ, ಜುಲೈ 12. ಈ ಕೊಲ್ಲಿಯ ತಾಹೊಂಗ್, ಬೇರೆ ಯಾವುದೇ ಚಿಪ್ಪು, ಪುಡಿಸಿಗಡಿ ತಿನ್ನಬೇಡಿ, ಮಾರಬೇಡಿ, ಕೊಡಬೇಡಿ. ವಿಷ ಇದೆ. ಬೇಯಿಸಿದರೂ ಹೋಗುವುದಿಲ್ಲ. ಹೇಳಿದ್ದು ಮೀನುಗಾರಿಕೆ ಕಚೇರಿ. 1/6’

"ಇನ್ನು ಎರಡನೇದು," ಅಂದರು ಎಡಿತಾ. "ಈಗಾಗಲೇ ತಿಂದಿರೋರಿಗೆ."

‘ಲವಿಸ್ ಕೊಲ್ಲಿ, ಜುಲೈ 12. ಚಿಪ್ಪು ತಿಂದ ಮೇಲೆ ತುಟಿ, ನಾಲಿಗೆ, ಬೆರಳು ಜೋಮು ಹಿಡಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ತೆಂಗಿನ ಹಾಲು ಕುಡಿಸುತ್ತಾ ಕೂರಬೇಡಿ. ಉಸಿರು ನಿಲ್ಲಬಹುದು. 2/6’

"ಪ್ರತಿಯೊಂದರಲ್ಲೂ ಊರು, ತಾರೀಖು ಯಾಕೆ ಮಾನಾ? ಮೊದಲನೇದ್ರಲ್ಲಿ ಇದೆಯಲ್ಲ."

"ಇವು ಆರೂ ಜೊತೆಯಾಗಿ ಹೋಗಲ್ಲ, ದಾಯ್. ಒಂದೊಂದೇ ಬೇರೆ ಬೇರೆ ದೋಣಿ ಹತ್ತುತ್ತವೆ. ಒಂಟಿಯಾಗಿ ಕಳಿಸೋ ಮಗೂಗೆ ಹೆಸರು, ಊರು ಬಾಯಿಪಾಠ ಮಾಡಿಸಲ್ವಾ, ಹಾಗೆ."

ಮೂರನೆಯದನ್ನು ಬರೆಯಲು ಮರಿವಿಕ್‌ಗೆ ಹೊತ್ತು ಹಿಡಿಯಿತು. ಬರೆದಳು, ಅಳಿಸಿದಳು. ಮೊದಲು ಬರೆದದ್ದು ತುಂಬ ಚೆನ್ನಾಗಿತ್ತು. ಕೊಲ್ಲಿ, ಬೆಳಗು, ಶುಂಠಿಯ ಪರಿಮಳ ಎಲ್ಲವೂ ಇತ್ತು. ಎಡಿತಾ ಓದಿ ಫೋನು ವಾಪಸ್ ಕೊಟ್ಟರು. ಮರಿವಿಕ್ ತಾನೇ ಅದನ್ನು ಅಳಿಸಿದಳು.

‘ಲವಿಸ್ ಕೊಲ್ಲಿ, ಜುಲೈ 12. ನನ್ನ ತಿಯಾ ಕೊನ್ಸಿಂಗ್ ಇವತ್ತು ಬೆಳಿಗ್ಗೆ ತಾಹೊಂಗ್ ತಿಂದರು. ಮಧ್ಯಾಹ್ನದಿಂದ ಯಂತ್ರ ಅವರ ಪರವಾಗಿ ಉಸಿರಾಡುತ್ತಿದೆ. ಅವರಿಗೆ ಎಚ್ಚರ ಇದೆ, ಮಾತು ಇಲ್ಲ. ಹೆಸರು ಹಾಕಲು ಬೆರಳು ಒತ್ತಿ ಒಪ್ಪಿದ್ದಾರೆ. 3/6’

"ಇದನ್ನ ಓದಿದ ಮೇಲೆ ಯಾರೂ ಎದ್ದು ಹೋಗಲ್ಲ," ಅಂದರು ಎಡಿತಾ. "ನೀನು ಕುತೂಹಲ ಅಂತಿದ್ಯಲ್ಲ, ಏನನ್ನೂ ಬಚ್ಚಿಡದೆ ಬಂತು ನೋಡು."

ನಾಲ್ಕನೆಯದರಲ್ಲಿ ತಪ್ಪನ್ನು ಹೇಳಬೇಕಿತ್ತು. ಮರಿವಿಕ್ ಹಳೆಯ ಪೋಸ್ಟನ್ನು ಹಾಗೆಯೇ ಎತ್ತಿ ಬರೆದು, ಕೆಳಗೆ ‘ಇದು ಸುಳ್ಳು’ ಎಂದು ಸೇರಿಸಿದಳು. ಎಡಿತಾ ತಲೆ ಅಲ್ಲಾಡಿಸಿದರು. "ಸುಳ್ಳನ್ನ ಇನ್ನೊಂದು ಸಲ ಪೂರ್ತಿಯಾಗಿ ಬರೀಬೇಡ. ಮತ್ತೆ ಅಷ್ಟನ್ನೇ ಕತ್ತರಿಸಿ ಕಳಿಸ್ತಾರೆ. ನಿಜಾನ ಮೊದಲು ಹೇಳು, ತಪ್ಪನ್ನ ಗುರುತು ಸಿಗೋಷ್ಟು ಹೇಳು."

‘ಲವಿಸ್ ಕೊಲ್ಲಿ, ಜುಲೈ 12. ಕೆಂಪು ನೀರು ನಿಜ, ಪ್ರಾಣ ತೆಗೆಯುತ್ತದೆ. ನನ್ನ ಹೆಸರಿನಲ್ಲಿ ಓಡಾಡುತ್ತಿರುವ, ಮೂರು ತಲೆಮಾರಿನಿಂದ ಎಂದು ಶುರುವಾಗುವ ಮಂಗಳವಾರದ ಪೋಸ್ಟ್ ನಂಬಬೇಡಿ. ಬರೆದವಳು ನಾನೇ. ಬರೆದ ರೀತಿ ತಪ್ಪು. ಅದು ಯಾವ ಗುಂಪಿನಲ್ಲಿ ಕಂಡರೂ ಅಲ್ಲೇ ಇದನ್ನು ಹಾಕಿ. ಮರಿವಿಕ್. 4/6’

ಐದನೆಯದು ಬಾದೊಂಗ್ ಕೇಳಿದ್ದು. ‘ಮೀನು ತಿನ್ನಬಹುದು. ಚೆನ್ನಾಗಿ ತೊಳೆದು, ಕಿವಿರು ಕರುಳು ತೆಗೆದು ಬೇಯಿಸಿ’ ಎಂದು ಬರೆದಳು.

"ಈಗ ಪರೀಕ್ಷೆ," ಅಂದರು ಎಡಿತಾ. "ಇದೊಂದನ್ನೇ ಯಾರಿಗಾದ್ರೂ ಕೊಡು. ಮೇಲಿನದು ಕೆಳಗಿನದು ತೋರಿಸ್ಬೇಡ. ಏನು ಅರ್ಥ ಆಯ್ತು ಅಂತ ಕೇಳು."

ಎದುರಿನ ಬೆಂಚಿನಲ್ಲಿ ನೆನಿಂಗ್ ಎಂಬ ಹೆಂಗಸು ಕೂತಿದ್ದಳು. ಕೊಲ್ಲಿಯ ಆಚೆ ದಡದವಳು, ಹೆರಿಗೆಗೆ ಬಂದ ಮಗಳ ಕಾವಲಿಗೆ ಬಂದವಳು. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ತುಟಿ ಆಡಿಸುತ್ತಾ ಓದಿದಳು.

"ಮೀನು ತಿನ್ನಬಹುದು ಅಂತಿದೆ. ನಾವು ದಿನಾ ತಿಂತೀವಲ್ಲ, ಇದನ್ನ ಯಾಕೆ ಬರ್ದಿದೀಯಮ್ಮ?"

"ಬೇರೇನೂ ಅನ್ನಿಸಲಿಲ್ವಾ ಮಾನಾ?"

"ಏಡಿ? ಏಡಿ ತಿನ್ನಬಾರದೋ ಹಾಗಾದ್ರೆ? ಯಾವ ಕೊಲ್ಲಿ ಮೀನು? ಅರ್ಧ ಹೇಳಿ ಬಾಯಿ ಮುಚ್ಚಿಕೊಂಡ ಹಾಗಿದೆ. ನಮ್ಮ ಮಾವ ಹೀಗೇ ಮಾತಾಡೋದು."

ಎಡಿತಾ ನಕ್ಕರು. ಆ ದಿನ ಆ ಬೆಂಚಿನ ಮೇಲೆ ಯಾರಾದರೂ ನಕ್ಕಿದ್ದು ಅದೊಂದೇ ಸಲ. ಮರಿವಿಕ್ ತಿದ್ದಿದಳು:

‘ಲವಿಸ್ ಕೊಲ್ಲಿ, ಜುಲೈ 12. ಚಿಪ್ಪು ಮತ್ತು ಪುಡಿಸಿಗಡಿ ಬೇಡ. ಇದೇ ಕೊಲ್ಲಿಯ ತಾಜಾ ಮೀನು, ಏಡಿ, ದೊಡ್ಡ ಸಿಗಡಿ ತಿನ್ನಬಹುದು. ಕಿವಿರು, ಕರುಳು ತೆಗೆದು, ಚೆನ್ನಾಗಿ ತೊಳೆದು ಬೇಯಿಸಿ. ಹೇಳಿದ್ದು ಮೀನುಗಾರಿಕೆ ಕಚೇರಿ. 5/6’

ನೆನಿಂಗ್ ಮತ್ತೆ ಓದಿದಳು. ಈ ಸಲ ಮುಖ ಬಿಗಿಯಾಯಿತು.

"ಚಿಪ್ಪು ಬೇಡ ಅಂದ್ರೆ... ತಾಹೊಂಗೂ ಬೇಡ್ವಾ? ಆದ್ರೆ ತಿನ್ನಬಹುದು ಅಂತ ನಮ್ಮ ನಾದಿನಿ ಬೆಳಿಗ್ಗೆ ಕಳ್ಸಿದ್ಲಲ್ಲ, ಇಲ್ಲಿನ ವೈಫೈಲಿ ನೋಡಿದೆ." ತನ್ನ ಫೋನು ತೆಗೆದು ತೋರಿಸಿದಳು. ಮರಿವಿಕ್‌ಳ ಹೆಸರು, ಮರಿವಿಕ್‌ಳ ಮುಖ, ಎರಡು ವಾಕ್ಯ. ನೆನಿಂಗ್ ಫೋಟೋವನ್ನೂ ಎದುರಿಗಿದ್ದ ಹುಡುಗಿಯನ್ನೂ ನೋಡಿದಳು. "ಅಯ್ಯೋ, ನೀನೇ ಅಲ್ವೇನೇ ಇದು?"

"ನಾನೇ. ಮಾನಾ, ಮನೇಲಿ ಯಾರಿದ್ದಾರೆ? ತಾಹೊಂಗ್ ತಂದಿದ್ದಾರಾ?"

"ಗಂಡ, ಇಬ್ಬರು ಮೊಮ್ಮಕ್ಕಳು. ಸಂಜೆಗೆ ಒಂದು ಬುಟ್ಟಿ ತರ್ತೀನಿ ಅಂದಿದ್ದ. ಈಗ ಬೇಯಿಸ್ತಾ ಇರ್ತಾನೆ." ಅವಳು ಆಗಲೇ ಗುಂಡಿ ಒತ್ತುತ್ತಿದ್ದಳು. ಫೋನು ಕರೆನ್ಸಿ ಇಲ್ಲ ಎಂದಿತು. ಮರಿವಿಕ್ ತನ್ನ ಫೋನು ಕೊಟ್ಟಳು.

ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಬಾದೊಂಗ್ ಎದ್ದು ನಿಂತಿದ್ದರು. ಮೂರನೇ ಸಲ ಗಂಡಸಿನ ಧ್ವನಿ ಕೇಳಿತು.

"ತಿಂದ್ರಾ?" ನೆನಿಂಗ್ ಕಿರುಚಿದಳು. "ತಾಹೊಂಗ್ ತಿಂದ್ರಾ ಅಂತ ಕೇಳ್ತಿದೀನಿ! ...ಒಲೆ ಮೇಲಿದೆಯಾ? ಇಳಿಸು. ನನ್ನ ಮಾತು ಕೇಳು, ಇಳಿಸು. ಮಕ್ಕಳಿಗೆ ಒಂದೂ ಕೊಡಬೇಡ. ಅಲ್ಲ, ಹಂದಿಗೂ ಹಾಕಬೇಡ. ಗುಂಡಿ ತೋಡಿ ಹೂತುಬಿಡು. ...ಹೌದು, ಆ ಹುಡುಗೀನೇ ಬರ್ದಿದ್ದು! ಅವಳೇ ಇಲ್ಲಿ ನನ್ನ ಮುಂದೆ ನಿಂತವ್ಳೆ, ಬೇಡ ಅಂತಿದ್ದಾಳೆ!"

ಫೋನು ವಾಪಸ್ ಕೊಡುವಾಗ ನೆನಿಂಗ್ ಮರಿವಿಕ್‌ಳ ಮುಖ ನೋಡಲಿಲ್ಲ. "ಬೇಗ ಕಳಿಸು ಅದನ್ನ," ಅಂದಳು. "ನಮ್ಮ ಗುಂಪಿಗೆ ನಾನೇ ಹಾಕ್ತೀನಿ."

ಆರನೆಯದನ್ನು ಬಾದೊಂಗ್ ಹೇಳಿದರು, ಮರಿವಿಕ್ ಬರೆದಳು:

‘ಲವಿಸ್ ಕೊಲ್ಲಿ, ಜುಲೈ 12. ಚಿಪ್ಪಿನ ಈ ನಿಷೇಧ ಶಾಶ್ವತವಲ್ಲ. ಕಚೇರಿ ನೀರು ಪರೀಕ್ಷಿಸಿ ತೆಗೆದ ದಿನ ಇಲ್ಲಿಯೇ ತಿಳಿಸುತ್ತೇವೆ. ಅಲ್ಲಿಯವರೆಗೆ ನಾವು ಬೆಳೆಗಾರರೇ ಮಾರುವುದಿಲ್ಲ. ಬಾದೊಂಗ್, ತಾಹೊಂಗ್ ಬೆಳೆಗಾರ. 6/6’

"ನಮ್ಮವರು ನನ್ನನ್ನ ಬೈತಾರೆ," ಅಂದರು ಬಾದೊಂಗ್. "ಬೈಲಿ. ಹಾಕು."

ಐದು ಗಂಟೆಗೆ ಮುಂಚೆ, ಅಡುಗೆಯ ಹೊತ್ತಿಗೆ ಸರಿಯಾಗಿ, ಆರೂ ಪೋಸ್ಟ್‌ಗಳು ಹೊರಟವು. ಒಂದರಲ್ಲೂ ಫೋಟೋ ಇರಲಿಲ್ಲ. ಹಳೆಯ ಥ್ರೆಡ್ಡನ್ನು ಮರಿವಿಕ್ ಆಮೇಲೆ ಅಳಿಸಿದಳು. ಕಪಿತಾನ್ ಧ್ವನಿವರ್ಧಕದಲ್ಲಿ ಮೊದಲ ಎರಡನ್ನು ಓದಿಸಿದರು. ತೆಂಗಿನ ಹಾಲಿನ ಪಿಲಾರ್ ಎರಡನೆಯದನ್ನು ತನ್ನ ನೆಂಟರಿಗೆಲ್ಲ ಕಳಿಸಿ, ‘ನನಗೂ ಗೊತ್ತಿರಲಿಲ್ಲ’ ಎಂದು ಸೇರಿಸಿದಳು.

ಕೊನ್ಸಿಂಗ್ ಅವರ ಕೊಳವೆಯನ್ನು ಶುಕ್ರವಾರ ತೆಗೆದರು. ಅವರು ಕೇಳಿದ ಮೊದಲ ಪ್ರಶ್ನೆ, ಒಲೆಯ ಮೇಲೆ ಉಳಿದಿದ್ದ ತಾಹೊಂಗ್ ಸಾರನ್ನು ಯಾರಾದರೂ ತಿಂದರೇ ಎಂಬುದು. ಯಾರೂ ತಿಂದಿರಲಿಲ್ಲ.

ಓದುವವರೇ, ಈಗ ನಿಮ್ಮಲ್ಲಿ ಒಂದು ಮಾತು. ನಿಮ್ಮ ಕೈಯಲ್ಲೂ ಫೋನು ಇದೆ. ಲಸಿಕೆ, ನೆರೆ, ಮತದಾನ, ಕಾಣೆಯಾದ ಮಗು, ಏನನ್ನೋ ಒಂದು ದಿನ ನೀವೂ ಪೋಸ್ಟ್ ಪೋಣಿಸಿ ಬರೆಯುತ್ತೀರಿ. ಚೆನ್ನಾಗಿ ಬರೆಯಿರಿ, ಜನ ಬಿಡದೆ ಓದುವ ಹಾಗೆ ಬರೆಯಿರಿ. ಆದರೆ ಜನ ಏನು ಮಾಡಬೇಕು ಎಂಬುದನ್ನು ಮೊದಲ ಪೋಸ್ಟ್‌ನ ಮೊದಲ ಸಾಲುಗಳಲ್ಲೇ ಹೇಳಿಬಿಡಿ. ಪ್ರತಿ ಪೋಸ್ಟ್‌ಗೂ ಊರು, ತಾರೀಖು ಕೊಡಿ, ಯಾರು ಹೇಳಿದ್ದು ಎಂಬುದನ್ನು ಮರೆಯಬೇಡಿ. ಮುಖ್ಯವಾದದ್ದನ್ನು ಫೋಟೋದಲ್ಲಿ ಬಚ್ಚಿಡಬೇಡಿ. ಕಳಿಸುವ ಮುಂಚೆ, ನಡುವಿನ ಒಂದು ಪೋಸ್ಟನ್ನು ಮಾತ್ರ ಪಕ್ಕದವರಿಗೆ ಕೊಟ್ಟು, ಏನು ತಿಳಿಯಿತು ಎಂದು ಕೇಳಿ. ತಪ್ಪಾಗಿದ್ದರೆ ಸದ್ದಿಲ್ಲದೆ ಅಳಿಸಬೇಡಿ, ತಪ್ಪು ಹೋದ ಕಡೆಯೆಲ್ಲ ತಿದ್ದುಪಡಿಯನ್ನೂ ಕಳಿಸಿ. ಬೇರೆಯವರ ಪೋಸ್ಟ್ ಹಂಚುವಾಗ ಪೂರ್ತಿ ಓದಿ, ಪೂರ್ತಿಯಾಗಿಯೇ ಹಂಚಿ.

ಬುಧವಾರ ಸಂಜೆಯ ನಂತರ ಲವಿಸ್‌ನಿಂದಾಗಲಿ ನೆನಿಂಗ್‌ಳ ಊರಿನಿಂದಾಗಲಿ ಯಾರೂ ತಾಹೊಂಗ್ ತಿಂದು ಆಸ್ಪತ್ರೆ ಸೇರಲಿಲ್ಲ. ಶನಿವಾರ ಕೊಲ್ಲಿಯ ಉತ್ತರದ ಒಂದು ಸಣ್ಣ ದ್ವೀಪದಿಂದ ತಾಹೊಂಗ್ ತಿಂದ ಒಬ್ಬ ಮೀನುಗಾರನನ್ನು ದೋಣಿಯಲ್ಲಿ ತಂದರು. ಮರಿವಿಕ್‌ಳ ಮಂಗಳವಾರದ ಮೊದಲ ಪೋಸ್ಟ್ ಅವನ ಫೋನಿನಲ್ಲಿತ್ತು. ಎರಡನೆಯ ಥ್ರೆಡ್ ಆ ದ್ವೀಪವನ್ನು ಮುಟ್ಟಿರಲಿಲ್ಲ. ದೋಣಿ ದಡ ಸೇರುವ ಮುಂಚೆಯೇ ಅವನು ತೀರಿಕೊಂಡಿದ್ದ.